ಗುಡುಗುಡಿಯ ಸದ್ದಿನಲ್ಲಿ

ಶಿಶುನಾಳ ಶರೀಫರೆಂದರೆ ನನಗೆ ಸಿ. ಅಶ್ವತ್ಥರ ಕಂಠ. ಗಿಟಾರ್ ನುಡಿಸುತ್ತ ಊರೂರಲ್ಲಿ ಹಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಘು ದೀಕ್ಷಿತರ 2008ರ ಧ್ವನಿಮುದ್ರಿಕೆ ಕೇಳಿಸಿದಾಗ ಹುಬ್ಬು ಗಂಟಿಕ್ಕಿದ್ದೆ. ‘ಗುಡುಗುಡಿಯ ಸೇದಿ ನೋಡೋ’ ಕಾಲು ಕುಣಿಸುತ್ತದೆ, ಒಪ್ಪಿದೆ. ಆದರೆ ಹುಕ್ಕಾದ ನೆಪದಲ್ಲಿ ದೇಹವನ್ನೇ ತೋರಿಸುವ ಶರೀಫರು ಆ ಕುಣಿತದಲ್ಲಿ ಹಿಂದೆ ಬೀಳುತ್ತಾರೆ. (ಏಳನೇ ತರಗತಿಯ ಹುಡುಗಿಯರು “ಗುಡುಗುಡಿ ಅಂದರೇನು ಟೀಚರ್?” ಎಂದದ್ದು ಮಾತ್ರ ಇದನ್ನು ಕೇಳಿದ ಮೇಲೆಯೇ!) ನನ್ನ ತಕರಾರು ಬೇರೆ. ಕನ್ನಡಕ್ಕೆ ಅವರು ಅಲ್ಲಿ ಶರೀಫರನ್ನು ನೆಚ್ಚಿದ್ದಾರೆ; ಹೊಸದಾಗಿ ಬರೆದ ಹಾಡುಗಳು ಹಿಂದಿ, ಇಂಗ್ಲಿಷಿನವು. ನಮ್ಮ ಹುಡುಗ ಕನ್ನಡದಲ್ಲೇ ಬರೆಯುತ್ತಾನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಸಿ ಹಾಡಿಸಿ, ಶಾಲು, ಹಣ್ಣು ಕೊಟ್ಟು ಕಳುಹಿಸಿದೆವು. ಬಸ್ ಚಾರ್ಜಿನ ನೆನಪು ನನಗೂ ಆಗಲಿಲ್ಲ.