ಜೀವನಕೌಶಲದ ತರಗತಿ: ಬೊಬ್ರುವಾಡದ ದೃಷ್ಟಿಯಿಂದ ಒಂದು ವಿಮರ್ಶೆ

೧

'ಜೀವನಕೌಶಲ' ಎಂಬ ಪದವು ಇಂದಿನ ಶಿಕ್ಷಣಶಾಸ್ತ್ರದ ಬರಹಗಳಲ್ಲಿ ಎರಡು ಭಿನ್ನವಾದ ಅರ್ಥಗಳಲ್ಲಿ ಪ್ರಯೋಗವಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರ ದಶಕದಲ್ಲಿ ಶಾಲೆಗಳಿಗಾಗಿ ಪ್ರಚುರಪಡಿಸಿದ ವಿಚಾರಸರಣಿಯಲ್ಲಿ ಅದು ನಿರ್ಣಯ ಕೈಗೊಳ್ಳುವುದು, ಸಮಸ್ಯೆಯನ್ನು ಬಿಡಿಸುವುದು, ತನ್ನನ್ನು ತಾನು ಅರಿಯುವುದು, ಪರರ ಭಾವವನ್ನು ಗ್ರಹಿಸುವುದು ಮೊದಲಾದ ಹತ್ತು ಮಾನಸಿಕ ಸಾಮರ್ಥ್ಯಗಳ ಹೆಸರು. ವಿಶೇಷ ಶಿಕ್ಷಣದಲ್ಲಾದರೋ ಅದು ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅನ್ನ ಬಡಿಸಿಕೊಳ್ಳುವುದು, ಅಂಗಡಿಗೆ ಹೋಗಿ ಬರುವುದು ಮೊದಲಾದ ದಿನನಿತ್ಯದ ಕೆಲಸಗಳ ಹೆಸರು. ಒಂದು ಮನಸ್ಸಿಗೆ ಸಂಬಂಧಿಸಿದ್ದು, ಇನ್ನೊಂದು ಕೈಗೆ ಸಂಬಂಧಿಸಿದ್ದು ಎಂದು ನಮ್ಮ ವಿದ್ಯಾರ್ಥಿಗಳು ತಿಳಿಯುತ್ತಾರೆ. ಈ ತಿಳಿವಳಿಕೆಯೇ ತಪ್ಪೆಂಬುದು ಮುಂದೆ ಗೊತ್ತಾಗುತ್ತದೆ.

ಬೌದ್ಧಿಕ ವಿಕಲತೆಯುಳ್ಳ ಮಕ್ಕಳಿಗಾಗಿ ಶಾಲೆಯಲ್ಲಿ 'ಜೀವನಕೌಶಲದ ತರಗತಿ'ಯೊಂದನ್ನು ಸಜ್ಜುಗೊಳಿಸಬೇಕೆಂಬ ವಿಚಾರವು ಈಗ ನಮ್ಮಲ್ಲಿಯೂ ಪ್ರಚಾರದಲ್ಲಿದೆ. ಒಂದು ಕೋಣೆ, ಅದರಲ್ಲಿ ಪುಟ್ಟ ಅಡಿಗೆಮನೆ, ಮಂಚ, ಕನ್ನಡಿ, ಕೈತೊಳೆಯುವ ಬೋಗುಣಿ, ನಕಲಿ ನಾಣ್ಯಗಳಿರುವ ನಕಲಿ ಅಂಗಡಿ: ಇದು ಅದರ ಸಾಮಾನ್ಯ ಸ್ವರೂಪ. ಈ ಕಲ್ಪನೆಯ ಗುಣದೋಷಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಆ ಕೋಣೆಗೂ ಒಂದು ಇತಿಹಾಸವುಂಟು. ಅದನ್ನು ಮರೆತುದರಿಂದಲೇ ಅದರ ದೋಷಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ನನ್ನ ಉತ್ತರ.

೨

ದಕ್ಷಿಣ ಫ್ರಾನ್ಸಿನ ಅವೇರೋನ್ ಪ್ರಾಂತದ ಕಾಡಿನಲ್ಲಿ ಸಿಕ್ಕಿದ, ಮಾತು ಬಾರದ ಬಾಲಕನೊಬ್ಬನನ್ನು ೧೮೦೦ರಲ್ಲಿ ಪ್ಯಾರಿಸ್ಸಿಗೆ ಕರೆತಂದರು. ವಿಕ್ಟರ್ ಎಂಬ ಹೆಸರು ಪಡೆದ ಆ ಬಾಲಕನ ಶಿಕ್ಷಣವನ್ನು ಇಟಾರ್ ಎಂಬ ತರುಣ ವೈದ್ಯನು ಕೈಗೊಂಡನು. ಅವನನ್ನು ದಿನವೂ ನೋಡಿಕೊಂಡವಳು ಗೆರಾ ಎಂಬ ಗೃಹಿಣಿ. ವಿಕ್ಟರ್ ಮಾತು ಕಲಿಯಲಿಲ್ಲ. ಆದರೆ ಊಟದ ಮೇಜನ್ನು ಅಣಿಗೊಳಿಸುವುದನ್ನು ಕಲಿತನು. ಇಟಾರನು ೧೮೦೬ರ ವರದಿಯಲ್ಲಿ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಗೆರಾಳ ಗಂಡನು ತೀರಿಕೊಂಡ ದಿನ ವಿಕ್ಟರ್ ಎಂದಿನಂತೆ ಅವನ ಸ್ಥಾನದಲ್ಲಿಯೂ ತಟ್ಟೆಯನ್ನಿಟ್ಟನು. ಅದನ್ನು ಕಂಡು ವಿಧವೆಯು ದುಃಖಿಸಿದಳು. ಬಾಲಕನು ಆ ತಟ್ಟೆಯನ್ನು ಮೆಲ್ಲನೆ ತೆಗೆದು ಕಪಾಟಿನಲ್ಲಿಟ್ಟನು. ಮತ್ತೆಂದೂ ಅದನ್ನು ಅಲ್ಲಿ ಇಡಲಿಲ್ಲ. ತಟ್ಟೆಯನ್ನಿಡುವುದು ಕೈಯ ಕೌಶಲ. ತೆಗೆದಿಡುವುದು ಪರರ ಭಾವವನ್ನು ಗ್ರಹಿಸುವ ಕೌಶಲ. ಮೇಲೆ ಹೇಳಿದ ಎರಡು ಅರ್ಥಗಳೂ ಇಲ್ಲಿ ಒಂದೇ ಮೇಜಿನ ಮೇಲೆ ಕೂಡಿಕೊಂಡಿವೆ. ಇದು ನಡೆದದ್ದು ಜನರು ಬಾಳುತ್ತಿದ್ದ ಒಂದು ಮನೆವಾಳ್ತೆಯಲ್ಲಿ, ಸಜ್ಜುಗೊಳಿಸಿದ ಕೋಣೆಯಲ್ಲಲ್ಲ ಎಂಬುದು ಗಮನಾರ್ಹ.

ಇಟಾರನ ಶಿಷ್ಯ ಸೆಗ್ವಾನನು ೧೮೪೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಮಕ್ಕಳ ಶಿಕ್ಷಣಕ್ಕೆ ಒಂದು ಕ್ರಮವನ್ನು ರೂಪಿಸಿದನು. ಮಾರಿಯಾ ಮಾಂಟೆಸ್ಸೊರಿಯವರು ಅವರಿಬ್ಬರ ಕೃತಿಗಳನ್ನೂ ಅಭ್ಯಾಸಮಾಡಿ, ಮೊದಲು ರೋಮ್ ನಗರದ ಬೌದ್ಧಿಕ ವಿಕಲತೆಯುಳ್ಳ ಮಕ್ಕಳಲ್ಲಿ ಪ್ರಯೋಗಿಸಿ, ೧೯೦೭ರಲ್ಲಿ ಸಾನ್ ಲೊರೆಂಜೊ ಬಡಾವಣೆಯಲ್ಲಿ ಸಾಮಾನ್ಯ ಮಕ್ಕಳಿಗೆ ಅದೇ ಕ್ರಮವನ್ನು ಅನ್ವಯಿಸಿದರು. ಅವರು ೧೯೩೯ರಲ್ಲಿ ಮದರಾಸಿಗೆ ಬಂದ ಮೇಲೆ ಆ ಪದ್ಧತಿಯು ನಮ್ಮ ದೇಶದಲ್ಲಿ ಇನ್ನಷ್ಟು ಹರಡಿತು. ಗುಂಡಿ ಹಾಕುವ ಚೌಕಟ್ಟು, ನೀರು ಸುರಿಯುವ ಹೂಜಿ ಮೊದಲಾದವು ಇಂದು ನಗರಗಳ ದುಬಾರಿ ಶಿಶುವಿಹಾರಗಳ ಅಲಂಕಾರಗಳಾಗಿವೆ. ಯಾವ ಮಕ್ಕಳಿಗಾಗಿ ಈ ವಿದ್ಯೆ ಹುಟ್ಟಿತೋ ಆ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂಜರಿಯುವ ಶಿಶುವಿಹಾರಗಳಲ್ಲಿಯೂ ಅವು ಇರುತ್ತವೆಂಬುದು ವಿಷಾದದ ಸಂಗತಿ.

ಭಾರತದಲ್ಲಿಯೂ ಈ ದಿಕ್ಕಿನಲ್ಲಿ ಸ್ವತಂತ್ರವಾದ ಕಾರ್ಯ ನಡೆದಿದೆ. ಮದರಾಸಿನಲ್ಲಿ ಪಿ. ಜಯಚಂದ್ರನ್ ಮತ್ತು ವಿ. ವಿಮಲಾ ಅವರು ರೂಪಿಸಿದ ಅಳತೆಪಟ್ಟಿಯು ೧೮ ವಿಭಾಗಗಳಲ್ಲಿ, ವಿಭಾಗಕ್ಕೆ ೨೦ರಂತೆ, ೩೬೦ ಕೌಶಲಗಳನ್ನು ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಜೋಡಿಸುತ್ತದೆ. ಮಗುವಿಗೆ ಏನು ಬಾರದು ಎಂಬುದಕ್ಕಿಂತ ಏನು ಬರುತ್ತದೆ ಎಂಬುದರಿಂದ ಅದು ಆರಂಭಿಸುತ್ತದೆ. ಇದು ಅದರ ಹಿರಿಮೆ.

ಅಮೆರಿಕೆಯಲ್ಲಿ ಲೂ ಬ್ರೌನ್ ಮತ್ತು ಸಂಗಡಿಗರು ೧೯೭೬ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದ ಚರಿತ್ರೆಯಲ್ಲಿ ಒಂದು ತಿರುವು. ಮಗುವು ದೊಡ್ಡವನಾದ ಮೇಲೆ ಎಲ್ಲಿ ಬಾಳಬೇಕೋ ಅಲ್ಲಿ ಆತನಿಗೆ ಯಾವುದು ಬೇಕೋ ಅದೇ ಪಠ್ಯದ ಅಳತೆಗೋಲಾಗಬೇಕು ಎಂಬುದು ಅವರ ವಾದದ ಸಾರ. ಅವರ ಸಂಪ್ರದಾಯದಲ್ಲಿ ಒಂದು ಸರಳವಾದ ಪರೀಕ್ಷೆಯುಂಟು: ಈ ಕೆಲಸವನ್ನು ಮಗು ಮಾಡದಿದ್ದರೆ ಬೇರೊಬ್ಬರು ಅವನಿಗಾಗಿ ಮಾಡಲೇಬೇಕಾಗುತ್ತದೆಯೇ? ಹೌದಾದರೆ ಅದು ಕಲಿಸಬೇಕಾದ ಕೆಲಸ. ಬಣ್ಣದ ಮಣಿಗಳನ್ನು ವಿಂಗಡಿಸುವುದನ್ನು ಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಬಚ್ಚಲಿನಿಂದ ಹೊರಬಂದು ಬಟ್ಟೆ ಹಾಕಿಕೊಳ್ಳದಿದ್ದರೆ ತಾಯಿಯೇ ಹಾಕಬೇಕಾಗುತ್ತದೆ.

೩

ಈ ಚರಿತ್ರೆಯ ಬೆಳಕಿನಲ್ಲಿ ಕೋಣೆಯನ್ನು ಪರಿಶೀಲಿಸೋಣ. ಅದರಲ್ಲಿ ಮೂರು ದೋಷಗಳು ಕಾಣುತ್ತವೆ.

ಮೊದಲನೆಯದು, ಅದು ಎಲ್ಲಿಯೂ ಇಲ್ಲದ ಮನೆಯ ಪ್ರತಿಕೃತಿ. ನಮ್ಮ ಕರಾವಳಿಯ ಒಂದು ಶಾಲೆಯಲ್ಲಿ ಇಂಥ ಕೋಣೆಯನ್ನು ನಾನು ನೋಡಿದ್ದೇನೆ. ಗೋಡೆಗೆ ಹೊಂದಿಸಿದ ಊಟದ ಮೇಜು, ಹೊಳೆಯುವ ಬೋಗುಣಿ, ಸಿಲಿಂಡರಿಲ್ಲದ ಗ್ಯಾಸಿನ ಒಲೆ. ಎಲ್ಲವೂ ಹೊಚ್ಚಹೊಸದಾಗಿ ಉಳಿದಿದ್ದವು. ಅದರ ಬೀಗದ ಕೈಯನ್ನು ತರಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆ ಮಕ್ಕಳಲ್ಲಿ ಹಲವರ ಮನೆಯಲ್ಲಿ ಊಟ ನೆಲದ ಮೇಲೆ, ನೀರು ಬಾವಿಯಿಂದ, ಸ್ನಾನಕ್ಕೆ ಹಂಡೆಯ ನೀರು.

ಎರಡನೆಯದು, ಕಾಲದ ಲೆಕ್ಕ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ದಿನಗಳ ಶಾಲೆ. ವಾರಕ್ಕೆ ೪೦ ನಿಮಿಷಗಳ ಎರಡು ಅವಧಿಗಳಂತೆ ಸುಮಾರು ೭೦ ಅವಧಿಗಳು ದೊರೆಯುತ್ತವೆಂದು ಇಟ್ಟುಕೊಂಡರೆ ಒಟ್ಟು ೨,೮೦೦ ನಿಮಿಷಗಳು. ಒಂದೇ ಒಲೆಯ ಮುಂದೆ ಹತ್ತು ಮಕ್ಕಳು ಸರದಿ ನಿಂತರೆ ಒಬ್ಬೊಬ್ಬರಿಗೆ ವರ್ಷಕ್ಕೆ ದೊರೆಯುವುದು ೨೮೦ ನಿಮಿಷ. ಮನೆಯಲ್ಲಿ ತಾಯಿಯ ಪಕ್ಕದಲ್ಲಿ ದಿನಕ್ಕೆ ೧೦ ನಿಮಿಷ ಚಹಾ ಮಾಡುವುದನ್ನು ಅಭ್ಯಾಸಮಾಡಿದ ಮಗುವಿಗೆ ಅಷ್ಟೇ ಕಾಲವು ೨೮ ದಿನಗಳಲ್ಲಿ ದೊರೆಯುತ್ತದೆ. ನಿಧಾನವಾಗಿ ಕಲಿಯುವ ಮಗುವಿಗೆ ಪುನರಾವೃತ್ತಿಯೇ ಗುರು. ಆ ಗುರುವನ್ನೇ ಕೋಣೆಯು ದೂರವಿಡುತ್ತದೆ.

ಮೂರನೆಯದು ಅತ್ಯಂತ ಗಂಭೀರವಾದುದು. ಒಂದೆಡೆ ಕಲಿತದ್ದು ಇನ್ನೊಂದೆಡೆಗೆ ತಾನಾಗಿಯೇ ದಾಟುವುದಿಲ್ಲ. ಕಲಿಸಿಬಿಟ್ಟು, ಉಳಿದೆಡೆಗೂ ಅದು ಹರಡೀತೆಂದು ಆಶಿಸುತ್ತ ಕೂಡುವ ವಾಡಿಕೆಯನ್ನು ಸ್ಟೋಕ್ಸ್ ಮತ್ತು ಬೇರ್ ಎಂಬ ಮನೋವಿಜ್ಞಾನಿಗಳು ೧೯೭೭ರಲ್ಲಿಯೇ ವಿಮರ್ಶಿಸಿದರು. ಚೌಕಟ್ಟಿನ ಮೇಲಿನ ಗುಂಡಿಯನ್ನು ಹಾಕಿದ ಬೆರಳು ತನ್ನ ಎದೆಯ ಮೇಲಿನ ಗುಂಡಿಯನ್ನು ಹಾಕುತ್ತದೆಂಬ ಭರವಸೆಯಿಲ್ಲ. ನಕಲಿ ಅಂಗಡಿಯಲ್ಲಿ ರಟ್ಟಿನ ನಾಣ್ಯ ಕೊಟ್ಟ ಮಗು ಪೇಟೆಯ ಗದ್ದಲದಲ್ಲಿ ನಿಂತಾಗ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

೪

ಹಾಗಾದರೆ ಬೊಬ್ರುವಾಡದಲ್ಲಿ ಇಂಥ ತರಗತಿ ಹೇಗಿರಬೇಕು? ಅಂಕೋಲೆ ಪಟ್ಟಣಕ್ಕೆ ತಾಗಿಕೊಂಡಿರುವ ಈ ಊರಿಗೆ ಒಂದೆಡೆ ಗ್ರಾಮದ ಬಾಳ್ವೆ, ಇನ್ನೊಂದೆಡೆ ತಾಲೂಕು ಕೇಂದ್ರದ ಪೇಟೆ. ಈ ಸೀಮೆಯಲ್ಲಿ ವಿದ್ಯಾಪ್ರಸಾರದ ಪರಂಪರೆ ಹಿರಿದು. ದಿನಕರ ದೇಸಾಯಿಯವರು ೧೯೫೩ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟು ಜಿಲ್ಲೆಯ ಬಡವರ ಮಕ್ಕಳ ಸಮೀಪಕ್ಕೆ ಶಿಕ್ಷಣವನ್ನು ಒಯ್ದಿತು. ಶಾಲೆಯ ಬಳಿಗೆ ಮಗು ಬರಲಾರದಾದರೆ ಮಗುವಿನ ಬಳಿಗೆ ಶಾಲೆ ಹೋಗಬೇಕೆಂಬ ಆ ಪರಂಪರೆಯ ತತ್ತ್ವವನ್ನು ಈಗ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಾಗಿದೆ. ಈ ಮಕ್ಕಳ ವಿಷಯದಲ್ಲಿ ಶಾಲೆಯು ಅವರ ಬಚ್ಚಲು, ಒಲೆ, ಪೇಟೆಗಳವರೆಗೆ ಹೋಗಬೇಕು.

ಒಂದು ಉದಾಹರಣೆಯನ್ನು ನೋಡೋಣ. ಕುಚಲಕ್ಕಿಯ ಗಂಜಿಯನ್ನು ಉಣ್ಣುವ ಕೆಲಸವನ್ನು ಬಿಡಿಸಿದರೆ ಬಟ್ಟಲು ತರುವುದು, ಸೌಟು ಹಿಡಿಯುವುದು, ಚೆಲ್ಲದಂತೆ ಬಡಿಸಿಕೊಳ್ಳುವುದು, ಉಪ್ಪು ಹಾಕಿಕೊಳ್ಳುವುದು, ಉಣ್ಣುವುದು, ಬಟ್ಟಲು ತೊಳೆದು ಬೋರಲು ಹಾಕುವುದು ಎಂದು ಹಲವು ಮೆಟ್ಟಿಲುಗಳಾಗುತ್ತವೆ. ತಜ್ಞರು ಇದನ್ನು ಕಾರ್ಯವಿಶ್ಲೇಷಣೆ ಎನ್ನುತ್ತಾರೆ. ಕೊನೆಯ ಮೆಟ್ಟಿಲಿನಿಂದ ಹಿಂದಕ್ಕೆ ಕಲಿಸುವ ಕ್ರಮವೂ ಉಂಟು: ಮೊದಲ ವಾರ ಎಲ್ಲವನ್ನೂ ಹಿರಿಯರು ಮಾಡಿ, ಬಟ್ಟಲನ್ನು ಬೋರಲು ಹಾಕುವುದನ್ನು ಮಾತ್ರ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ತೃಪ್ತಿಯು ಹೀಗೆ ಮೊದಲ ದಿನವೇ ಮಗುವಿಗೆ ಸಲ್ಲುತ್ತದೆ. ಇದಕ್ಕೆ ಬೇಕಾದುದು ಒಂದು ಬಟ್ಟಲು ಮತ್ತು ತಾಳ್ಮೆ.

ಮಳೆಗಾಲವು ಇಲ್ಲಿಯ ಇನ್ನೊಂದು ಪಾಠ. ಕೊಡೆಯನ್ನು ಬಿಚ್ಚುವುದು, ಗಾಳಿಗೆ ಎದುರಾಗಿ ಹಿಡಿಯುವುದು, ಮಡಿಸಿ ನೀರಿಳಿಯಲು ಇಡುವುದು ಇವು ಯಾವ ಪರದೇಶದ ಪಟ್ಟಿಯಲ್ಲಿಯೂ ಮುಖ್ಯವಾಗಲಾರವು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಅವಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಬೇಸಗೆಯಲ್ಲಿ ಅಂಕೋಲೆಯ ಕರಿ ಇಶಾಡು ಮಾವು ಬರುತ್ತದೆ. ೨೦೨೩ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಹಣ್ಣನ್ನು ಕಾಯಿ ಯಾವುದು, ದೋರೆ ಯಾವುದು, ಕಳಿತದ್ದು ಯಾವುದು ಎಂದು ಮುಟ್ಟಿ ಮೂಸಿ ವಿಂಗಡಿಸುವುದು ಬಣ್ಣದ ಮಣಿಗಳ ವಿಂಗಡಣೆಗಿಂತ ಉತ್ತಮವಾದ ಪಾಠ; ಅದರ ಕೊನೆಯಲ್ಲಿ ದುಡಿಮೆಯ ಒಂದು ಬಾಗಿಲೂ ತೆರೆಯಬಹುದು. ಮೀನುಪೇಟೆಯಲ್ಲಿ ನೋಟು ಕೊಟ್ಟು ಚಿಲ್ಲರೆ ಪಡೆಯುವುದರ ಜತೆಗೆ, ದೂರವಾಣಿಯಿಂದ ಹಣ ಸಂದಾಯಮಾಡುವವರ ನಡುವೆ ವ್ಯವಹರಿಸುವುದನ್ನೂ ಈಗ ಕಲಿಸಬೇಕಾಗಿದೆ. ಮನೆಯಲ್ಲಿ ಕೊಂಕಣಿಯನ್ನಾಡುವ ಮಗುವಿಗೆ ಶಾಲೆಯ ಕನ್ನಡದಲ್ಲಿ ಮಾತ್ರ ಸೂಚನೆಗಳನ್ನು ಕೊಟ್ಟರೆ ಅದರ ಕೆಲಸ ಇಮ್ಮಡಿಯಾಗುತ್ತದೆಂಬುದನ್ನೂ ಶಿಕ್ಷಕರು ನೆನೆಯತಕ್ಕದ್ದು.

೫

ಇಷ್ಟರಿಂದ ಕೋಣೆಯೇ ಬೇಡವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಶೌಚದ ಅಭ್ಯಾಸ, ಹೆಣ್ಣುಮಕ್ಕಳ ತಿಂಗಳ ದಿನಗಳ ಶುಚಿತ್ವ, ಯಾರು ತನ್ನ ಮೈಯನ್ನು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ತಿಳಿವಳಿಕೆ ಇವುಗಳಿಗೆ ಮರೆಯೂ ಗೌರವವೂ ಬೇಕು. ಅದನ್ನು ಬಾಗಿಲುಳ್ಳ ಒಂದು ಕೋಣೆಯೇ ಕೊಡಬಲ್ಲುದು. ಬಿಸಿ ಪಾತ್ರೆಯನ್ನು ಹಿಡಿಯುವುದನ್ನು ಮೊದಲು ತಣ್ಣಗಿನ ಪಾತ್ರೆಯಲ್ಲಿ ಅಭ್ಯಾಸಮಾಡುವುದು ವಿವೇಕ. ಕೋಣೆಯು ಹೊಸ್ತಿಲಾಗಲಿ; ಮನೆಯಾಗಬಾರದು ಎಂಬುದಷ್ಟೇ ನನ್ನ ವಾದ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಆಳವಾದುದು. ಬದುಕಿಗೆ ಉಪಯುಕ್ತವಾದುದನ್ನೇ ಕಲಿಸಬೇಕೆಂದರೆ ಈ ಮಕ್ಕಳ ಪಾಲಿಗೆ ಪೊರಕೆ ಮತ್ತು ಪಾತ್ರೆ ಮಾತ್ರ ಉಳಿದು, ಅಕ್ಷರ, ಹಾಡು, ಚಿತ್ರ, ಕಥೆ ಇತರರ ಸ್ವತ್ತಾಗಲಾರವೇ? ಇತಿಹಾಸವನ್ನು ಬಲ್ಲವರು ಈ ಭಯವನ್ನು ತಳ್ಳಿಹಾಕಲಾರರು. ಯಾರಿಗೆ ಎಷ್ಟು ವಿದ್ಯೆ ಸಾಕೆಂದು ಇತರರೇ ನಿರ್ಧರಿಸಿದ ಕಾಲವು ನಮ್ಮ ಸಮಾಜದಲ್ಲಿ ದೀರ್ಘವಾಗಿತ್ತು. ೧೯೩೭ರ ವಾರ್ಧಾ ಯೋಜನೆಯು ಕೈಕಸಬನ್ನು ಶಿಕ್ಷಣದ ಕೇಂದ್ರದಲ್ಲಿಟ್ಟಾಗಲೂ ಈ ಬಗೆಯ ಸಂಶಯ ಎದ್ದಿತ್ತು. ಆದರೆ ಗಾಂಧೀಜಿಯವರು ಅದನ್ನು ಎಲ್ಲ ಮಕ್ಕಳಿಗೂ ಉದ್ದೇಶಿಸಿದ್ದರು. ನಮ್ಮ ಸಾಮಾನ್ಯ ಶಾಲೆಗಳ ಗಂಡುಮಕ್ಕಳಲ್ಲಿ ತಮ್ಮ ತಟ್ಟೆಯನ್ನು ತಾವೇ ತೊಳೆಯಲಾರದವರು ಎಷ್ಟು ಮಂದಿಯಿಲ್ಲ! ಅದನ್ನು ವಿಕಲತೆಯೆಂದು ಯಾರೂ ಕರೆಯುವುದಿಲ್ಲ. ಆದುದರಿಂದ ಜೀವನಕೌಶಲವು ಕೆಲವರಿಗೆ ಮಾತ್ರ ಗೊತ್ತುಪಡಿಸಿದ ಕೀಳು ಪಾಠವಾಗದೆ ಎಲ್ಲರ ಪಾಠವಾಗಬೇಕು. ಅಕ್ಷರವೂ ಹಾಡೂ ಈ ಮಕ್ಕಳಿಗೆ ಅವರ ಶಕ್ತ್ಯನುಸಾರ ಕೊನೆಯವರೆಗೂ ದೊರೆಯಬೇಕು. ತನ್ನ ಹೆಸರನ್ನೂ ಬಸ್ಸಿನ ಫಲಕವನ್ನೂ ಓದಬಲ್ಲುದು ತಾನೇ ಒಂದು ಜೀವನಕೌಶಲ.

೬

೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಶೇಕಡಾ ನಲವತ್ತಕ್ಕೆ ಕಡಮೆಯಿಲ್ಲದ ವಿಕಲತೆಯುಳ್ಳ ಮಗುವಿಗೆ ೬ರಿಂದ ೧೮ ವರ್ಷಗಳವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಅಂದರೆ ಶಾಲೆಯ ಕೈಯಲ್ಲಿರುವುದು ಹನ್ನೆರಡು ವರ್ಷ; ಅನಂತರದ್ದು ಇಡಿಯ ಆಯುಷ್ಯ. ತಾವು ತೀರಿಕೊಂಡ ಮೇಲೆ ಮಗುವಿನ ಗತಿಯೇನೆಂಬ ತಂದೆತಾಯಿಗಳ ಚಿಂತೆಯನ್ನು ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ತನ್ನ ಉದ್ದೇಶಗಳಲ್ಲಿಯೇ ಸೇರಿಸಿಕೊಂಡಿದೆ. ಆ ಚಿಂತೆಯ ಮುಂದೆ ನಮ್ಮ ಕೋಣೆಯ ಬಣ್ಣ, ಮೇಜು, ಬೋಗುಣಿಗಳ ಚರ್ಚೆ ಅಲ್ಪವಾಗಿ ಕಾಣುತ್ತದೆ. ಆ ಮಗು ನಾಳೆ ಅಣ್ಣನ ಮನೆಯಲ್ಲಿ ಬಾಳಬೇಕಾದೀತು; ತನ್ನ ಊಟ, ಸ್ನಾನ, ಉಡುಪುಗಳನ್ನು ತಾನೇ ನೋಡಿಕೊಂಡು, ಮನೆಯ ಒಂದು ಕೆಲಸವನ್ನು ತನ್ನದೆಂದು ಮಾಡಬಲ್ಲವನು ಅಲ್ಲಿ ಭಾರವಾಗದೆ ಮನೆಯವನಾಗಿ ಇರಬಲ್ಲನು.

ಕೊನೆಯದಾಗಿ, ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸವೊಂದುಂಟು. ಬ್ರೌನ್ ಮತ್ತು ಸಂಗಡಿಗರು ೧೯೭೯ರಲ್ಲಿ ಮನೆ, ವಿರಾಮ, ಊರು, ದುಡಿಮೆ ಎಂಬ ನಾಲ್ಕು ಕ್ಷೇತ್ರಗಳನ್ನು ಹಿಡಿದು, ಮಗುವಿನ ಪರಿಸರದಲ್ಲಿ ನಿಜವಾಗಿ ನಡೆಯುವ ಕೆಲಸಗಳ ಪಟ್ಟಿಮಾಡುವ ವಿಧಾನವನ್ನು ಸೂಚಿಸಿದರು. ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಈ ಕೆಲಸವು ಇತಿಹಾಸ ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಬೊಬ್ರುವಾಡದ ಮನೆಗಳಲ್ಲಿ ನೀರು ಎಲ್ಲಿಂದ ಬರುತ್ತದೆ, ಒಲೆ ಯಾವುದು, ಮಗುವಿನೊಡನೆ ಮನೆಯಲ್ಲಿ ಯಾರಿರುತ್ತಾರೆ, ಅದು ನಡೆದು ಹೋಗಬಹುದಾದ ಅಂಗಡಿ ಯಾವುದು, ಮುಂದೆ ಅದು ಮಾಡಬಹುದಾದ ದುಡಿಮೆ ಯಾವುದು ಎಂಬುದನ್ನು ಬರೆದುಕೊಂಡು ಬಂದು ವಿಶೇಷ ಶಿಕ್ಷಕರ ಕೈಯಲ್ಲಿಟ್ಟರೆ, ಕೋಣೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಪಟ್ಟಿ ಮೊದಲು, ಕೋಣೆ ಅನಂತರ. ಈ ಕ್ರಮವನ್ನು ತಲೆಕೆಳಗು ಮಾಡಿದಲ್ಲಿ ಉಳಿಯುವುದು ಬೀಗ ಹಾಕಿದ ಹೊಸ ಕೋಣೆ ಮಾತ್ರ.