ಹಂದರ ಹಾಕದೆ ಬಳ್ಳಿ ಹಬ್ಬೀತೆ?

ಅಂಬಲಮುಗಳಿನ ತರುಣ ಸದಸ್ಯರೊಬ್ಬರು ತಾವು ಕೈಗೊಳ್ಳಬೇಕೆಂದಿರುವ ಸಂಶೋಧನೆಯ ರೂಪರೇಷೆಯನ್ನು ನಮ್ಮ ಅಭಿಪ್ರಾಯಕ್ಕಾಗಿ ಕಳುಹಿಸಿದ್ದಾರೆ. ವಿಷಯ: ‘ಕೇರಳದ ಕನ್ನಡಿಗರು: ಒಂದು ಸಮಗ್ರ ಅಧ್ಯಯನ’. ಅಚ್ಚಾದ ಪುಸ್ತಕವನ್ನು ವಿಮರ್ಶಿಸುವುದು ವಾಡಿಕೆ. ಇನ್ನೂ ಬರೆಯದ ಪುಸ್ತಕವನ್ನಲ್ಲ. ಆದರೆ ತಿದ್ದಲು ಬರುವುದು ಈಗಲೇ. ಇಂಥ ಬರಹಗಳಲ್ಲೆಲ್ಲ ಕಾಣುವ ದೋಷವೊಂದು ಇದರಲ್ಲಿಯೂ ಇರುವುದರಿಂದ, ಅವರ ಒಪ್ಪಿಗೆ ಪಡೆದು ನಾಲ್ಕು ಮಾತು ಬರೆಯುತ್ತಿದ್ದೇವೆ.

ರೂಪರೇಷೆಯಲ್ಲಿ ಹನ್ನೆರಡು ಅಧ್ಯಾಯಗಳಿವೆ. ಮೊದಲನೆಯದು ಪರಶುರಾಮಸೃಷ್ಟಿ. ಮುಂದೆ ಕಾಸರಗೋಡಿನ ಇತಿಹಾಸ, ಮಂಜೇಶ್ವರದ ಗೋವಿಂದ ಪೈಗಳು, ಯಕ್ಷಗಾನ, ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ತುಳುನಾಡಿನ ಅರ್ಚಕರು, ಉಡುಪಿ ಹೋಟೆಲುಗಳು ಎಲ್ಲವೂ ಬರುತ್ತವೆ. ಅಂಬಲಮುಗಳಿನ ಕನ್ನಡ ಮನೆಗಳಿಗೆ ಸರದಿ ಬರುವುದು ಹನ್ನೊಂದನೆಯ ಅಧ್ಯಾಯದಲ್ಲಿ. ಕೊನೆಯದು ಪದಾಧಿಕಾರಿಗಳ ಪಟ್ಟಿ. ಊಟಕ್ಕೆ ಕರೆದು ಉಗ್ರಾಣ ತೋರಿಸಿ ಕಳುಹಿಸಿದ ಹಾಗಾಯಿತು.

ಲೇಖಕರ ಶ್ರದ್ಧೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇಲ್ಲಿ ವಿಷಯಗಳಿವೆ, ಪ್ರಶ್ನೆಯಿಲ್ಲ. ಕಾಸರಗೋಡಿನ ಕನ್ನಡಿಗರು ಊರು ಬಿಟ್ಟವರಲ್ಲ. ೧೯೫೬ರಲ್ಲಿ ಅವರು ನಿಂತ ನೆಲವೇ ಕೇರಳಕ್ಕೆ ಸೇರಿತು. ಅಂಬಲಮುಗಳಿಗೆ ಬಂದವರಾದರೋ, ೧೯೬೬ರಲ್ಲಿ ಆರಂಭವಾದ ತೈಲ ಶುದ್ಧೀಕರಣಾಗಾರ, ಅನಂತರದ ರಸಗೊಬ್ಬರ ಕಾರ್ಖಾನೆ ಮೊದಲಾದ ಕಡೆ ಕೆಲಸ ಹುಡುಕಿಕೊಂಡು ಬಂದವರು. ಅಲ್ಲಿಯ ಪ್ರಶ್ನೆ ನೆಲದ್ದು, ಶಾಲೆಯದು, ಆಡಳಿತ ಭಾಷೆಯದು. ಇಲ್ಲಿಯ ಪ್ರಶ್ನೆ ಅಡುಗೆಮನೆಯದು, ಮೊಮ್ಮಕ್ಕಳದು. ಎರಡನ್ನೂ ಒಂದೇ ಚೀಲದಲ್ಲಿ ತುಂಬಿದರೆ ಯಾವುದಕ್ಕೂ ಉತ್ತರ ಸಿಗಲಾರದು.

ದೊಡ್ಡ ಕೆಲಸ ಮಾಡಿದವರು ಮೊದಲು ಎಲ್ಲೆ ಹಾಕಿಕೊಂಡರು ಎಂಬುದನ್ನು ನೆನೆಯಬೇಕು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಕೊಡಗಿನ ಸಂಪುಟ ೧೮೮೬ರಲ್ಲಿ ಹೊರಬಂದಿತು. ಸುಮಾರು ಇಪ್ಪತ್ತು ವರ್ಷಗಳೊಳಗೆ ಹನ್ನೆರಡು ಸಂಪುಟಗಳಲ್ಲಿ ೯೦೦೦ದಷ್ಟು ಶಾಸನಗಳು ಬೆಳಕು ಕಂಡವು. ಕೊಡಗು ಮತ್ತು ಮೈಸೂರು ಸಂಸ್ಥಾನ, ಇಷ್ಟೇ ಅವರ ಎಲ್ಲೆ. ಜಿಲ್ಲೆಗೊಂದು ಸಂಪುಟವೆಂಬಂತೆ ಹಂಚಿಕೊಂಡು, ಒಳಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟರು. ಧಾರವಾಡದ ಕಡೆ ಶಾಸನಗಳಿರಲಿಲ್ಲವೆ? ಹೇರಳವಾಗಿದ್ದವು, ಅವು ಮುಂದೆ ಬೇರೆ ಸಂಪುಟಗಳಲ್ಲಿ ಬಂದವು. ರೈಸ್ ಅವರು ಎಲ್ಲವನ್ನೂ ನಾನೇ ಮಾಡುತ್ತೇನೆಂದು ಹೊರಟಿದ್ದರೆ ಈ ಹನ್ನೆರಡೂ ನಮಗೆ ದಕ್ಕುತ್ತಿರಲಿಲ್ಲವೇನೋ. ಮೈಸೂರು ವಿಶ್ವವಿದ್ಯಾನಿಲಯವು ೧೯೭೨ರಿಂದ ಪರಿಷ್ಕೃತ ಸಂಪುಟಗಳನ್ನು ತರತೊಡಗಿದಾಗಲೂ ಬುನಾದಿಯಾಗಿ ನಿಂತದ್ದು ಆ ಹಳೆಯ ಕೆಲಸವೇ.

ಯೋಜನೆಯಿದ್ದರೂ ತಡವಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸ ೧೯೪೦ರ ದಶಕದಲ್ಲಿ ಮೊದಲಾಗಿ, ಮೊದಲ ಸಂಪುಟ ೧೯೭೦ರಲ್ಲಿ, ಎಂಟನೆಯದು ೧೯೯೫ರಲ್ಲಿ ಬಂದಿತು. ನಮ್ಮ ನೆರೆಯ ತಿರುವನಂತಪುರದಲ್ಲಿ, ಶೂರನಾಡು ಕುಂಞನ್ ಪಿಳ್ಳೆಯವರ ನೇತೃತ್ವದಲ್ಲಿ ೧೯೫೩ರಲ್ಲಿ ಆರಂಭವಾದ ಮಲಯಾಳ ಮಹಾನಿಘಂಟಿನ ಮೊದಲ ಸಂಪುಟಕ್ಕೂ ೧೯೬೫ರವರೆಗೆ ಕಾಯಬೇಕಾಯಿತು. ಆದರೆ ಕೈಗಳು ಬದಲಾದರೂ ಕೆಲಸದ ಎಳೆ ತುಂಡಾಗಲಿಲ್ಲ. ಪದ ಯಾವುದು, ಅರ್ಥವೇನು, ಪ್ರಯೋಗ ಎಲ್ಲಿಯದು ಎಂದು ಮೊದಲೇ ಗೊತ್ತುಮಾಡಿಕೊಂಡ ಕ್ರಮವಿದ್ದುದರಿಂದ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಬಹುದಾಯಿತು. ವರ್ಗಾವಣೆಯ ಆದೇಶ ಯಾವಾಗ ಬರುವುದೋ ಎಂದು ಕಾಯುವ ನಮ್ಮಂಥವರಿಗೆ ಇದಕ್ಕಿಂತ ಬೇಕಾದ ಪಾಠ ಬೇರೊಂದಿಲ್ಲ.

ಹನ್ನೊಂದನೆಯ ಅಧ್ಯಾಯವನ್ನೇ ಇಡೀ ಗ್ರಂಥವಾಗಿಸಿ ಎಂಬುದು ನಮ್ಮ ಸಲಹೆ. ಪ್ರಶ್ನೆ ಒಂದೇ ಇರಲಿ: ಅಂಬಲಮುಗಳಿನ ಕನ್ನಡ ಮನೆಗಳಲ್ಲಿ ಮೂರು ತಲೆಮಾರುಗಳ ಮಾತು ಹೇಗೆ ಬದಲಾಗಿದೆ? ಮೂವತ್ತು ಮನೆ ಸಾಕು. ಪ್ರತಿ ಮನೆಯಲ್ಲೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು. ಅಜ್ಜಿ ಹುಣಸೆಹಣ್ಣು ಎಂದದ್ದು ಮೊಮ್ಮಗಳ ಬಾಯಲ್ಲಿ ಪುಳಿ ಆಗಿದೆಯೇ? ಕೊತ್ತಂಬರಿ ಮಲ್ಲಿಯಾದದ್ದು ಯಾವ ತಲೆಮಾರಿನಲ್ಲಿ? ಜಗಳ ಯಾವ ಭಾಷೆಯಲ್ಲಿ, ದೇವರ ಮುಂದಿನ ಬೇಡಿಕೆ ಯಾವ ಭಾಷೆಯಲ್ಲಿ? ಆರು ತಿಂಗಳು ಮಾತುಕತೆ, ಮೂರು ತಿಂಗಳು ವಿಂಗಡಣೆ, ಮೂರು ತಿಂಗಳು ಬರವಣಿಗೆ. ಪರಶುರಾಮನನ್ನು ಈ ಸಲ ಅವನ ಪಾಡಿಗೆ ಬಿಟ್ಟುಬಿಡಬಹುದು.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಕಾರ್ಖಾನೆಯ ಮೊದಲ ವರ್ಷಗಳಲ್ಲಿ ಬಂದವರು ಈಗ ಎಂಬತ್ತು ದಾಟಿದ್ದಾರೆ. ಗೋವಿಂದ ಪೈಗಳ ಗ್ರಂಥಗಳು ಮುಂದಿನ ವರ್ಷವೂ ಗ್ರಂಥಾಲಯದಲ್ಲಿರುತ್ತವೆ. ಈ ಹಿರಿಯರ ನೆನಪುಗಳನ್ನು ಬರೆದಿಟ್ಟವರಿಲ್ಲ. ಹತ್ತು ಅಧ್ಯಾಯಗಳನ್ನು ಮುಗಿಸಿ ಅವರ ಮನೆಗೆ ಹೋಗುವಷ್ಟರಲ್ಲಿ ಬಾಗಿಲು ತೆರೆಯಲು ಯಾರಿರುತ್ತಾರೋ ತಿಳಿಯದು.

ಒಂದೇ ಪುಟದ ಹೊಸ ರೂಪರೇಷೆಯನ್ನು ಅವರು ಬರೆದುಕೊಟ್ಟರೆ ಸಂತೋಷದಿಂದ ಪ್ರಕಟಿಸುತ್ತೇವೆ. ಓದುಗ ಬಂಧುಗಳಲ್ಲಿಯೂ ಒಂದು ವಿನಂತಿ: ಈ ತರುಣರು ನಿಮ್ಮ ಮನೆಗೆ ಬಂದಾಗ ಒಂದು ಲೋಟ ಕಾಫಿ ಕೊಟ್ಟು, ಅಜ್ಜಿಯನ್ನು ಮಾತಿಗೆ ಕೂರಿಸಿರಿ.