ಕಿಟಕಿ ಪಕ್ಕದ ಸೀಟು

ಹೊಸದಾಗಿ ಅಪ್ಪ ಅಮ್ಮ ಆದವರಿಗೆ ‘ತೊತ್ತೋಚಾನ್’ ಉಡುಗೊರೆ ಕೊಡೋದು ನನ್ನ ಹಳೇ ಚಟ. ಓದಿದವರು ಬಹುತೇಕ ಒಂದೇ ಮಾತು ಹೇಳ್ತಾರೆ: “ನಮಗೂ ಅಂಥ ಹೆಡ್‌ಮಾಸ್ಟರ್ ಸಿಕ್ಕಿದ್ದಿದ್ರೆ!” ನಾನೂ ಹಾಗೇ ಅಂದುಕೊಂಡವನು. ಈ ಸಲ ಮತ್ತೆ ಓದಿದಾಗ ಮಾತ್ರ, ನಾವೆಲ್ಲ ಈ ಪುಸ್ತಕವನ್ನು ಸ್ವಲ್ಪ ತಪ್ಪಾಗಿ ಪ್ರೀತಿಸ್ತಾ ಇದ್ದೀವೇನೋ ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ತೆತ್ಸುಕೊ ಕುರೊಯಾನಾಗಿ ಜಪಾನಿನ ಹೆಸರಾಂತ ಟಿವಿ ನಿರೂಪಕಿ. ತಾನು ಓದಿದ ತೊಮೊಯೆ ಎಂಬ ಪುಟ್ಟ ಶಾಲೆಯ ನೆನಪುಗಳನ್ನು 1981ರಲ್ಲಿ ಪುಸ್ತಕ ಮಾಡಿದರು. ಕನ್ನಡಕ್ಕೂ ಬಂದಿದೆ. ಟೋಕಿಯೋದ ಆ ಶಾಲೆಯಲ್ಲಿದ್ದದ್ದು ಸುಮಾರು 50 ಮಕ್ಕಳು. ಹಳೇ ರೈಲು ಬೋಗಿಗಳೇ ತರಗತಿಗಳು. ಮೊದಲ ಶಾಲೆಯವರು ಒಂದನೇ ಕ್ಲಾಸಿನಲ್ಲೇ “ನಮ್ಮ ಕೈಲಾಗಲ್ಲ” ಅಂತ ಹೊರಹಾಕಿದ ಹುಡುಗಿ ಇಲ್ಲಿಗೆ ಬರುತ್ತಾಳೆ. ಹೆಡ್‌ಮಾಸ್ಟರ್ ಸೊಸಾಕು ಕೊಬಾಯಾಶಿ ಅವಳ ಅಮ್ಮನನ್ನು ಮನೆಗೆ ಕಳಿಸಿ, ಸುಮಾರು ನಾಲ್ಕು ಗಂಟೆ ಕಾಲ ಅವಳ ಮಾತನ್ನು ಕೇಳುತ್ತಾ ಕೂರುತ್ತಾರೆ.

ಎಲ್ಲರಿಗೂ ನೆನಪಿರೋದು ಈ ದೃಶ್ಯವೇ. ಓದುತ್ತಾ ಕಣ್ಣು ಒದ್ದೆಯಾಗುತ್ತೆ, ನಿಜ. ಆದರೆ ಆಮೇಲಿನ ಪುಟಗಳಲ್ಲಿ ಕೊಬಾಯಾಶಿ ಮಾಡೋ ಕೆಲಸ ಗಮನಿಸಿ. ಉಪದೇಶ ತುಂಬಾ ಕಮ್ಮಿ. ಬೆಳವಣಿಗೆ ಕುಂಠಿತವಾದ ತಕಾಹಾಶಿ ಅನ್ನೋ ಹುಡುಗನಿದ್ದಾನೆ. ಅವನಿಗೆ “ಧೈರ್ಯವಾಗಿರು ಮರೀ” ಅಂತ ಯಾರೂ ಹೇಳಲ್ಲ. ಬದಲಿಗೆ, ಗಿಡ್ಡ ಕಾಲಿನವನಿಗೆ ಅನುಕೂಲವಾಗೋ ಆಟಗಳನ್ನೇ ಕ್ರೀಡಾಕೂಟದಲ್ಲಿ ಇಡುತ್ತಾರೆ. ಅವನು ಎಲ್ಲದರಲ್ಲೂ ಗೆಲ್ಲುತ್ತಾನೆ. ಪೋಲಿಯೋ ಬಂದ ಯಾಸುವಾಕಿ ತೀರಿಕೊಂಡಾಗ ಸುದ್ದಿ ಮುಚ್ಚಿಡಲ್ಲ. ಮಕ್ಕಳನ್ನೆಲ್ಲ ಸೇರಿಸಿ ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ಅಂತ್ಯಸಂಸ್ಕಾರದ ಪ್ರಾರ್ಥನೆಗೆ ಹೋಗುತ್ತಾರೆ.

ನನಗೆ ಪುಸ್ತಕದ ಅತಿ ಮುಖ್ಯ ಅಧ್ಯಾಯ ಅಂದ್ರೆ ಬಾಲದ ಪ್ರಸಂಗ. ಮನುಷ್ಯರಿಗೂ ಒಂದು ಕಾಲದಲ್ಲಿ ಬಾಲ ಇತ್ತು ಅಂತ ಪಾಠ ಮಾಡುತ್ತಿದ್ದ ಟೀಚರ್, ತಮಾಷೆಗೆ ತಕಾಹಾಶಿಯನ್ನೇ ‘ನಿನಗಿದೆ ಅಲ್ವಾ’ ಅನ್ನೋ ಹಾಗೆ ಕೇಳಿಬಿಡುತ್ತಾರೆ. ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ಸಂಜೆ ತೊತ್ತೋಚಾನ್ ಅಡುಗೆಮನೆ ಪಕ್ಕ ಹೋಗುವಾಗ ಒಳಗೆ ಹೆಡ್‌ಮಾಸ್ಟರ್ ಸಿಟ್ಟಿನಿಂದ ಮಾತಾಡೋದು ಕೇಳಿಸುತ್ತದೆ. ಟೀಚರ್ ಅಳುತ್ತಿರುತ್ತಾರೆ. ಬೈಸಿಕೊಂಡದ್ದು ದೊಡ್ಡವರು, ಅದೂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅಲ್ಲ. ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ಉಲ್ಟಾ. ಟೀಚರ್ ಆಡಿದ ಮಾತಿಂದ ಮಗು ಕುಗ್ಗಿದರೆ ಮಗುವನ್ನು ಕೌನ್ಸೆಲರ್ ಹತ್ರ ಕಳಿಸ್ತಾರೆ, ಮಾತಾಡಿದವರ ಹತ್ರ ಯಾರೂ ಮಾತಾಡಲ್ಲ.

ಅಂದರೆ ಮಕ್ಕಳ ನೆಮ್ಮದಿ ಇಲ್ಲಿ ಒಂದು ಪೀರಿಯಡ್ ಆಗಿಲ್ಲ. ಊಟದ ಡಬ್ಬಿ, ಆಟದ ನಿಯಮ, ಯಾರನ್ನು ಎಲ್ಲಿ ಬೈಯಬೇಕು ಅನ್ನೋ ತೀರ್ಮಾನ, ಎಲ್ಲದರಲ್ಲೂ ಅದು ಸೇರಿಹೋಗಿದೆ. ಐವತ್ತೇ ಮಕ್ಕಳಿದ್ದಾಗ ಇದು ಸಾಧ್ಯ. ಯಾರ ಡಬ್ಬಿ ಖಾಲಿ, ಯಾರು ಇವತ್ತು ಸಪ್ಪಗಿದ್ದಾರೆ ಅಂತ ಕಣ್ಣಿಗೆ ಬೀಳುತ್ತದೆ.

ಇನ್ನು ತಕರಾರು. ಈ ಪುಸ್ತಕ ಬರೆದದ್ದು ಆ ಶಾಲೆಯಿಂದ ಉದ್ಧಾರ ಆದ ಮಗು. ಅಲ್ಲಿ ಹೊಂದಿಕೊಳ್ಳಲಾಗದ ಮಗುವಿನ ದನಿ ಇದರಲ್ಲಿಲ್ಲ. ಸಣ್ಣ ಶಾಲೆಯ ಕಷ್ಟವೂ ಇಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರೋ ಕಡೆ ಗುಟ್ಟು ಉಳಿಯಲ್ಲ. ಕಾಟ ಕೊಡುವವನು ಇರೋ ಒಂದೇ ಸೆಕ್ಷನ್‌ನಲ್ಲಿ ಪಕ್ಕದಲ್ಲೇ ಕೂತಿದ್ದರೆ ಮಗು ಎಲ್ಲಿಗೆ ಹೋಗಬೇಕು? ನಿದ್ದೆ ಬಿಟ್ಟು, ಊಟ ಬಿಟ್ಟು, ‘ಸಾಯಬೇಕು’ ಅಂತಿರೋ ಹುಡುಗಿಗೆ ನಾಲ್ಕು ಗಂಟೆಯ ಪ್ರೀತಿಯ ಕಿವಿ ಸಾಕಾಗಲ್ಲ, ತರಬೇತಿ ಪಡೆದವರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಡೀ ಶಾಲೆ ಒಬ್ಬ ಮನುಷ್ಯನ ಮೇಲೆ ನಿಂತಿದೆ. 1945ರ ಬಾಂಬ್ ದಾಳಿಯಲ್ಲಿ ತೊಮೊಯೆ ಸುಟ್ಟುಹೋಯಿತು. ಉರಿಯೋ ಬೆಂಕಿ ನೋಡುತ್ತಾ ಕೊಬಾಯಾಶಿ ಮುಂದಿನ ಶಾಲೆ ಹೇಗಿರಲಿ ಅಂತ ಮಗನನ್ನು ಕೇಳುತ್ತಾರೆ. ಆದರೆ 1963ರಲ್ಲಿ ಅವರು ತೀರಿಕೊಂಡರು, ಅಂಥದ್ದನ್ನು ಮತ್ತೆ ಕಟ್ಟಲಾಗಲಿಲ್ಲ.

ಹಾಗಾಗಿ ‘ಅಂಥ ಹೆಡ್‌ಮಾಸ್ಟರ್ ಸಿಗಲಿ’ ಅನ್ನೋದು ಲಾಟರಿ ಟಿಕೆಟ್ ಇದ್ದ ಹಾಗೆ. 2025ರ ಜುಲೈನಲ್ಲಿ ನಮ್ಮ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯೋಕೆ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಅದಕ್ಕಿಂತ ಸಣ್ಣವು ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ತೊಮೊಯೆ ಇವತ್ತು ಇಲ್ಲಿದ್ದಿದ್ದರೆ ಎರಡನೇ ಗುಂಪಿಗೆ ಸೇರುತ್ತಿತ್ತು. ಮಗುವನ್ನು ಸಣ್ಣ ಶಾಲೆಗೆ ಸೇರಿಸೋ ಮುಂಚೆ ಕೇಳಲೇಬೇಕಾದ ಎರಡು ಪ್ರಶ್ನೆ ಇಲ್ಲಿವೆ: ನಿಮ್ಮ ಕೈಮೀರಿದಾಗ ಯಾರಿಗೆ ಫೋನ್ ಮಾಡ್ತೀರಿ? ತಪ್ಪು ಟೀಚರ್‌ದಾದರೆ ಅಡುಗೆಮನೆಗೆ ಕರೆದು ಮಾತಾಡೋರು ಯಾರು?

ಕೊನೆಗೆ ಹೆಸರಿನ ವಿಷಯ. ಮೂಲ ಶೀರ್ಷಿಕೆಯಲ್ಲಿ ಅವಳು ‘ಕಿಟಕಿ ಪಕ್ಕದ ತೊತ್ತೋಚಾನ್’. ಆ ಕಾಲದ ಜಪಾನಿ ಆಫೀಸುಗಳಲ್ಲಿ ಕೆಲಸ ಕೊಡದೆ ಮೂಲೆಗೆ ತಳ್ಳಿದವರನ್ನು ‘ಕಿಟಕಿ ಪಕ್ಕದವರು’ ಅಂತಿದ್ದರಂತೆ. ಬೆಂಚ್ ಮೇಲೆ ಕೂತು, ಮ್ಯಾನೇಜರ್ ಮುಖ ನೋಡುತ್ತಾ ತಿಂಗಳು ಕಳೆದವರಿಗೆ ಆ ಸೀಟಿನ ಅನುಭವ ಹೊಸದಲ್ಲ. ನಮಗೆ ಅದು ಇಪ್ಪತ್ತೈದನೇ ವಯಸ್ಸಲ್ಲಿ ಬಂತು, ಅವಳನ್ನು ಆರನೇ ವಯಸ್ಸಲ್ಲೇ ಅಲ್ಲಿ ಕೂರಿಸಿದ್ದರು. ತನ್ನನ್ನು ಮೊದಲ ಶಾಲೆಯಿಂದ ತೆಗೆದುಹಾಕಿದ್ದರು ಅಂತ ಅವಳಿಗೆ ಗೊತ್ತಾಗಿದ್ದು ಇಪ್ಪತ್ತು ತುಂಬಿದ ಮೇಲೆ. ಅಲ್ಲಿವರೆಗೆ ಅಮ್ಮ ಹೇಳಿರಲೇ ಇಲ್ಲ.

ಪುಸ್ತಕ ಉಡುಗೊರೆ ಕೊಡೋದನ್ನು ನಾನಂತೂ ಬಿಡಲ್ಲ. ಇನ್ಮೇಲೆ ಬಾಲದ ಅಧ್ಯಾಯಕ್ಕೆ ಒಂದು ಬುಕ್‌ಮಾರ್ಕ್ ಇಟ್ಟು ಕೊಡ್ತೀನಿ.